ಏನು ಮುಚ್ಚಿತೆಂದು ಬರೆಯಿರಿ

ಬೆಟಗೇರಿ
2191ನೇ ಇಸವಿ, ಹತ್ತನೇ ತಿಂಗಳ ಮೂವತ್ತಾರನೇ ತಾರೀಖು

ಹಿಂದಿನ ಶತಮಾನದ ಆಸ್ಪತ್ರೆಯಲ್ಲಿ ಕೂತು ರೋಗಿಗಳ ಆರು ತಿಂಗಳ ತಪಾಸಣೆಯ ಪುಸ್ತಕ ಬರೆಯುತ್ತಿರುವ ಹಿರಿಯರಿಗೆ ಫಕೀರವ್ವ ಹೊಂಬಳ ಮಾಡುವ ನಮಸ್ಕಾರ.

ಮೇಲಿನ ತಾರೀಖು ನೋಡಿ ನಗಬೇಡಿ. ನಮ್ಮ ವರ್ಷಕ್ಕೆ ಹತ್ತೇ ತಿಂಗಳು, ತಿಂಗಳಿಗೆ ಮೂವತ್ತಾರು ದಿನ. ಉಳಿದ ಐದು ದಿನ ಯಾವ ತಿಂಗಳಿಗೂ ಸೇರುವುದಿಲ್ಲ. ಅವನ್ನು ಬಿಡುದಿನ ಎನ್ನುತ್ತೇವೆ. ಆ ದಿನಗಳಲ್ಲಿ ಯಾರೂ ಯಾರ ಮೇಲೂ ಅಧಿಕಾರ ನಡೆಸುವಂತಿಲ್ಲ. ನನ್ನ ಕೆಲವು ಮಾತು ನಿಮಗೆ ವಿಚಿತ್ರವೆನಿಸಿದರೆ ಮನ್ನಿಸಿ. ಮಿದುಳಿನ ರಕ್ತನಾಳದ ಗೋಡೆ ಒಂದು ಕಡೆ ಸಡಿಲಾಗಿ ಬಲೂನಿನಂತೆ ಊದುವುದನ್ನು ನೀವು ಅನ್ಯೂರಿಸಂ ಎನ್ನುತ್ತಿದ್ದಿರಿ, ನಾವು ಉಬ್ಬು ಎನ್ನುತ್ತೇವೆ. ನಿಮ್ಮ ಸ್ಟೆಂಟ್ ನಮ್ಮ ಬಾಯಲ್ಲಿ ನಾಳಂಗಿ, ಅಂದರೆ ನಾಳಕ್ಕೆ ಒಳಗಿನಿಂದ ತೊಡಿಸುವ ಬಲೆಯ ಅಂಗಿ. ಮನ್ನಿಸಿ ಎಂದದ್ದು ಈ ಮಾತುಗಳ ಮಟ್ಟಿಗೆ ಮಾತ್ರ. ಉಳಿದಿದ್ದಕ್ಕೆ ನಾನು ಯಾರ ಕ್ಷಮೆಯನ್ನೂ ಕೇಳುವವಳಲ್ಲ.

ನಾನು ತೂಕಮನೆಯಲ್ಲಿ ಓದುಗಿತ್ತಿ. ಯಾವ ರೋಗಕ್ಕೆ ಯಾವ ಚಿಕಿತ್ಸೆ ಮೇಲು ಎಂದು ಹೋಲಿಸಿ ತೀರ್ಮಾನಿಸುವ ಕಚೇರಿ ಅದು. ಹೋಲಿಸುವುದು ಯಂತ್ರ. ನಿಮ್ಮ ಕಾಲದ ಕಂಪ್ಯೂಟರ್ ದಾಖಲೆಗಳೆಲ್ಲ ಅಳಿಸಿಹೋಗಿ ಕೈಬರಹದ ಪುಸ್ತಕಗಳಷ್ಟೇ ಉಳಿದಿವೆ, ಮತ್ತು ಆಸ್ಪತ್ರೆಯವರ ಕೈಬರಹ ಓದಬಲ್ಲ ಯಂತ್ರ ಇನ್ನೂ ಹುಟ್ಟಿಲ್ಲ. ಹಾಗಾಗಿ ನಮ್ಮಂಥವರು ಬೆಳಗಿನಿಂದ ಒಂದೊಂದೇ ಪುಟವನ್ನು ಗಟ್ಟಿಯಾಗಿ ಓದಿ, ಅದು ಯಾವ ಸಾಲಿಗೆ ಸೇರಬೇಕೆಂದು ಯಂತ್ರಕ್ಕೆ ಹೇಳುತ್ತೇವೆ. ಮಧ್ಯಾಹ್ನ ಜೋಳದ ರೊಟ್ಟಿ, ಗುರೆಳ್ಳು ಚಟ್ನಿ; ಕಣ್ಣಿಗೆ ತಣ್ಣೀರು ಹಾಕಿಕೊಂಡು ಮತ್ತೆ ಓದು. ಯಂತ್ರ ಒಮ್ಮೆ ತೂಗಿ ಹೇಳಿದರೆ ಎಲ್ಲರಿಗೂ ಅದೇ. ನಮ್ಮಲ್ಲಿ ಡಾಕ್ಟರು ಆರಿಸುವುದಿಲ್ಲ, ತೊಡಿಸುತ್ತಾರೆ ಅಷ್ಟೆ.

ಎಂಟು ವರ್ಷದ ಹಿಂದೆ ಎರಡು ಬಗೆಯ ನಾಳಂಗಿ ತೂಕಕ್ಕೆ ಬಂದವು. ನಮ್ಮದು ನೇಕಾರರ ಊರಾದ್ದರಿಂದ ಅವಕ್ಕೆ ಜಾಳು, ಒತ್ತು ಎಂದು ಹೆಸರಿಟ್ಟೆವು. ಜಾಳು ಲೋಹದ ಕೊಳವೆಯನ್ನು ಕೊರೆದು ಮಾಡಿದ್ದು, ಕಣ್ಣುಗಳು ದೊಡ್ಡವು. ಉಬ್ಬಿನೊಳಗೆ ತಂತಿಯ ಸುರುಳಿ ತುಂಬುತ್ತಾರೆ, ಅದು ನಾಳಕ್ಕೆ ಜಾರದಂತೆ ಜಾಳು ತಡೆಯುತ್ತದೆ. ಒತ್ತು ಹತ್ತಾರು ಎಳೆ ಸೇರಿಸಿ ಹೆಣೆದದ್ದು. ಅದು ಉಬ್ಬಿನ ಬಾಯಿಗೆ ಅಡ್ಡ ನಿಂತರೆ ರಕ್ತ ಒಳಗೆ ನುಗ್ಗುವುದು ಕಡಿಮೆಯಾಗಿ, ಕೆಲವು ತಿಂಗಳಲ್ಲಿ ಉಬ್ಬು ತಾನೇ ಹೆಪ್ಪುಗಟ್ಟಿ ಮುಚ್ಚುತ್ತದೆ. ಆದರೆ ನೇಯ್ಗೆ ಒತ್ತಾದಷ್ಟೂ ರಕ್ತ ನಾಳದಲ್ಲೇ ಹೆಪ್ಪುಗಟ್ಟುವ ಭಯವೂ ಹೆಚ್ಚು. ಎರಡಕ್ಕೂ ಅದರದರ ಜಾಗವಿದೆ ಎಂದು ನಿಮಗೆ ಗೊತ್ತಿತ್ತು. ಯಂತ್ರಕ್ಕೆ ಒಂದೇ ಉತ್ತರ ಬೇಕು. ಒತ್ತು ಗೆದ್ದಿತು. ಅದರ ಪುಸ್ತಕದ ನಾನೂರ ಹನ್ನೆರಡು ಪುಟಗಳಲ್ಲಿ ‘ಮುಚ್ಚಿದೆ’ ಎಂದಿತ್ತು. ಅಷ್ಟನ್ನೂ ಗುಣವಾದವರ ಸಾಲಿಗೆ ಹಾಕಿಸಿದವಳು ನಾನೇ.

ಈ ವರ್ಷ ನನ್ನ ತಲೆಯಲ್ಲೇ ಉಬ್ಬು ಸಿಕ್ಕಿತು, ಎಡಭಾಗದಲ್ಲಿ, ನಾಳ ಕವಲೊಡೆಯುವ ಕಡೆ. ಒತ್ತು ತೊಡಿಸುವುದೆಂದು ಆಯಿತು. ನನಗೆ ಹೆದರಿಕೆಗಿಂತ ಜಂಭವೇ ಹೆಚ್ಚಿತ್ತು, ನಾನೇ ಓದಿ ಗೆಲ್ಲಿಸಿದ್ದಲ್ಲವೆ. ನನ್ನಂಥ ಉಬ್ಬಿದ್ದವರು ಹೇಗಾದರು ನೋಡೋಣವೆಂದು ಹಳೆಯ ಪುಟಗಳನ್ನು ತೆಗೆದೆ. ನೀಲಿ ಶಾಯಿಯ ಒಂದು ಪುಟದಲ್ಲಿ, ನಲವತ್ತೆಂಟು ವರ್ಷದ ಒಬ್ಬ ಹೆಣ್ಣುಮಗಳ ಹೆಸರಿನ ಮುಂದೆ ಹೀಗಿತ್ತು: ‘ಆರು ತಿಂಗಳು. ಮುಚ್ಚಿದೆ. ಬಲಗೈ ಏಳುತ್ತಿಲ್ಲ. ಮಾತು ನಿಂತಿದೆ.’ ಉಬ್ಬು ಮುಚ್ಚಿ ಗುಣವಾದವಳಿಗೆ ಕೈ ಏಕೆ ಬೀಳಬೇಕು? ಅವಳಲ್ಲಿ ಮುಚ್ಚಿದ್ದು ಉಬ್ಬಲ್ಲ, ರಕ್ತ ಹರಿಯುವ ನಾಳವೇ ಇರಬೇಕು. ಕನ್ನಡದಲ್ಲಿ ಕರ್ತೃವಿಲ್ಲದೆಯೂ ವಾಕ್ಯ ನಡೆಯುತ್ತದೆ. ಬಂತು, ಹೋಯಿತು, ಮುಚ್ಚಿತು ಎಂದರೆ ಎದುರಿಗಿದ್ದವರಿಗೆ ತಿಳಿಯುತ್ತದೆ. ನಿಮ್ಮೆದುರು ರೋಗಿ ಇದ್ದಳು, ನನ್ನೆದುರು ಬರೀ ಕಾಗದವಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಯಾರೂ ಕೇಳುವ ಮೊದಲೇ ಮುಟ್ಟಿ ನೋಡಿಕೊಂಡೆ, ಕಳ್ಳಿ ನಾನೇ ಆಗಿದ್ದೆ.

ನಾನೂರ ಹನ್ನೆರಡನ್ನೂ ಮತ್ತೆ ಓದಿದೆ. ಅರವತ್ತೊಂದರಲ್ಲಿ ಏನು ಮುಚ್ಚಿತೆಂದು ಹೇಳಲು ಬರುವುದಿಲ್ಲ. ಅವನ್ನು ಮುಖ್ಯ ತೂಕದಾರರಾದ ಅಂದಾನಪ್ಪನವರ ಮುಂದೆ ಹರಡಿದೆ. ಒಳ್ಳೆಯ ಮನುಷ್ಯ, ನನಗೆ ಹಳೆಯ ಕೈಬರಹ ಕಲಿಸಿದವರು. ಅವರು ಹೇಳಿದ್ದಿಷ್ಟು: “ತಂಗಿ, ಒಮ್ಮೆ ತೂಗಿದ್ದನ್ನ ಮತ್ತ ತೂಗಾಕ ಕುಂತ್ರ ಮಂದಿ ನಮ್ಮನ್ನ ನಂಬ್ತಾರೇನು? ನೀ ಸುಮ್ನ ತೊಡಿಸ್ಕೋ.” ತೊಡಿಸಿಕೊಳ್ಳುವುದಿಲ್ಲ ಎಂದೆ. ಒತ್ತು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಮತ್ತೆ ತೂಗಿದರೂ ಅದೇ ಗೆಲ್ಲಬಹುದು, ನನ್ನ ತಲೆಗೆ ಅದೇ ಸರಿಯಿರಬಹುದು. ಆದರೆ ಕೈ ಬಿದ್ದವರನ್ನು ಗುಣವಾದವರೆಂದು ಎಣಿಸಿ ಗೆದ್ದ ಅಂಗಿಯನ್ನು ನಾನು ತೊಡಲಾರೆ, ಬೇರೆಯವರಿಗೆ ತೊಡಿಸುವುದನ್ನು ನೋಡುತ್ತ ಕೂರಲಾರೆ. ನನ್ನ ಸರದಿ ರದ್ದಾಗಿದೆ. ಉಬ್ಬು ಒಡೆದರೆ ಒಡೆಯಲಿ ಎನ್ನುವಷ್ಟು ಗಟ್ಟಿಗಿತ್ತಿ ನಾನಲ್ಲ. ಸ್ವಲ್ಪ ತಲೆ ನೊಂದರೂ ಜೀವ ಝಲ್ಲೆನ್ನುತ್ತದೆ. ಆದರೂ ಹಟ ಬಿಡುವುದಿಲ್ಲ. ನಾಳೆ ಬಿಡುದಿನ, ನನ್ನನ್ನು ತಡೆಯುವ ಹಕ್ಕು ಯಾರಿಗೂ ಇಲ್ಲ. ಅರವತ್ತು ಪುಟಗಳನ್ನು ತೂಕಮನೆಯ ಹೊರಗೋಡೆಗೆ ಅಂಟಿಸುತ್ತೇನೆ, ಹೋಗಿಬರುವವರು ತಾವೇ ಓದಲಿ.

ಒಂದನ್ನು ಮಾತ್ರ ನನ್ನ ಬಳಿ ಇಟ್ಟುಕೊಂಡಿದ್ದೇನೆ, ಅದು ನಿಮ್ಮ ಕೈಬರಹದ್ದು. ಆ ನೀಲಿ ಶಾಯಿಯ ಪೆನ್ನು ನಿಮ್ಮ ಕಾಲದಲ್ಲಿ ಇನ್ನೂ ನಿಮ್ಮ ಕೈಯಲ್ಲಿದೆ, ಆ ಹೆಣ್ಣುಮಗಳು ನಿಮ್ಮೆದುರೇ ಕೂತಿದ್ದಾಳೆ. ಹೊರಗೆ ಮಂದಿ ಸಾಲುಗಟ್ಟಿ ನಿಂತಿರಬಹುದು, ನಿಮಗೆ ಅವಸರವಿರಬಹುದು. ಇರಲಿ. ‘ಮುಚ್ಚಿದೆ’ ಎಂಬುದರ ಹಿಂದೆ ಉಬ್ಬು ಎಂದೋ ನಾಳ ಎಂದೋ ಬರೆಯಿರಿ. ಯಾವುದಾದರೂ ಎರಡೇ ಅಕ್ಷರ, ಅಷ್ಟು ಜಾಗ ಅಲ್ಲಿ ಖಾಲಿಯಿದೆ. ನೀವು ಬರೆದರೆ ಇಲ್ಲಿ ಕಾಣಬೇಕು. ಬೇಗ ಬರೆಯಿರಿ, ನಾನು ತಲೆಯಲ್ಲಿ ಉಬ್ಬು ಇಟ್ಟುಕೊಂಡು ಆ ಜಾಗವನ್ನೇ ನೋಡುತ್ತ ಕೂತಿದ್ದೇನೆ.