ಬಲಗಾಲಿನ ಅಚ್ಚು

ಭಾನುವಾರ, ಮಾರ್ಚ್ ಒಂಬತ್ತು
ಅಪ್ಪನ ಅಂಗಡಿಯಿಂದ

ನನ್ನ ಬೆನ್ನಿಗೇ ಹುಟ್ಟಿ, ಅಂದಿನಿಂದಲೂ ನನಗಿಂತ ಮುಂದೆಯೇ ಇರುವ ತಂಗಿಗೆ,

ನಿನ್ನ ಕಾಗದ ಸಿಕ್ಕಿತು. ಎರಡು ಕೆಲಸ ಹೇಳಿದ್ದೀಯ. ಶೂ ಮಾಡುವವರ ಸಂಘದವರು ಅಪ್ಪನ ನೆನಪಿಗೆ ಸಭೆ ಇಟ್ಟುಕೊಂಡಿದ್ದಾರೆ, ಅಲ್ಲಿ ಮಾತಾಡಲು ನಿನಗೆ ನಾಲ್ಕು ವಿಷಯ ಬರೆದು ಕೊಡಬೇಕು. ಅಂಗಡಿ ಖಾಲಿ ಮಾಡುವ ಮೊದಲು, ಅಪ್ಪ ನಿನಗೆ ಶೂ ಹೊಲಿಯಲು ಇಟ್ಟುಕೊಂಡಿದ್ದ ಪಾದದಾಕಾರದ ಮರದ ಅಚ್ಚುಗಳನ್ನೂ ಹುಡುಕಿ ಕಳಿಸಬೇಕು. ಅವಿಲ್ಲದಿದ್ದರೆ ನಿಮ್ಮೂರಿನ ಶೂ ಹೊಲಿಯುವವನಿಗೆ ನಿನ್ನ ಕಾಲು ಅರ್ಥವಾಗುವುದಿಲ್ಲ, ಹಳೆಯ ಜೋಡಿಯೂ ಸವೆದುಹೋಗಿದೆ ಎಂದಿದ್ದೀಯ. ಸಭೆಗೆ ನಿನ್ನನ್ನೇ ಕರೆದರು. ಕರೆಯಲಿ ಬಿಡು. ಧೂಳು ಹೊಡೆಯಲು ನಾನಿದ್ದೇನೆ.

ಬರೆದುಕೋ. ಅಪ್ಪ ದಾರಕ್ಕೆ ಮೇಣವನ್ನು ತಾನೇ ಸವರುತ್ತಿದ್ದ, ಬೇರೆ ಯಾರಿಗೂ ಬಿಡುತ್ತಿರಲಿಲ್ಲ. ಅಟ್ಟೆಗೆ ಮೊಳೆ ಹೊಡೆದರೆ ಬಯ್ಯುತ್ತಿದ್ದ, ಹೊಲಿಯಬೇಕು. ಮಧ್ಯಾಹ್ನ ಎಷ್ಟೇ ಗಿರಾಕಿಗಳಿರಲಿ, ಊಟಕ್ಕೆ ಮನೆಗೆ ಬರುತ್ತಿದ್ದ. ಅಮ್ಮ ಹಾಸಿಗೆ ಹಿಡಿದ ವರ್ಷ ತೊಗಲಿನ ವಾಸನೆ ಹೋಗುವವರೆಗೆ ಕೈ ಉಜ್ಜಿ ತೊಳೆದು ಅವಳ ತಲೆ ಬಾಚುತ್ತಿದ್ದ. ಜಡೆ ಹಾಕಲು ಬರುತ್ತಿರಲಿಲ್ಲ, ಬೂಟಿನ ಲೇಸಿನ ಹಾಗೆ ಕಟ್ಟಿಬಿಡುತ್ತಿದ್ದ. ಅಮ್ಮ ನಗುತ್ತಿದ್ದಳು. ಇದನ್ನು ಸಭೆಯಲ್ಲಿ ಹೇಳು, ಜನ ನಗುತ್ತಾರೆ.

ಮೆಟ್ಟಿಲ ಮೇಲಿನ ಸಪ್ಪಳದಲ್ಲೇ ಬಂದವರ ಹಿಮ್ಮಡಿ ಯಾವ ಕಡೆ ಸವೆದಿದೆ ಎಂದು ಹೇಳುತ್ತಿದ್ದ. ನೀನು ಬಂದರೆ ತಲೆ ಎತ್ತದೆಯೇ ನಗು ಶುರುವಾಗುತ್ತಿತ್ತು. ನಾನು ಬಂದರೆ ಎದುರು ಹೋಗಿ ನಿಂತ ಮೇಲೂ ಗೊತ್ತಾಗುತ್ತಿರಲಿಲ್ಲ. ನಿನ್ನ ನಡಿಗೆ ಗದ್ದಲ ಮಾಡೋದೇ ಇಲ್ಲ ಕಣಮ್ಮ ಅನ್ನುತ್ತಿದ್ದ, ಹೊಗಳುವವನ ಹಾಗೆ. ಇದನ್ನು ಸಭೆಯಲ್ಲಿ ಓದಬೇಡ.

ಹೊಟ್ಟೆಕಿಚ್ಚು ಅನ್ನುತ್ತೀಯಾ? ಹೌದು, ಹೊಟ್ಟೆಕಿಚ್ಚೇ. ಕೂದಲು ನೆರೆತರೂ ಆರಿಲ್ಲ. ಒಂದೇ ಹೊಟ್ಟೆಯಿಂದ ಒಟ್ಟಿಗೆ ಬಂದ ಅವಳಿಗಳು ನಾವು, ನಿನ್ನ ಎಡಗಾಲು ಗಿಡ್ಡ, ನನ್ನ ಎರಡೂ ಸಮ. ಅದೊಂದೇ ನಾನು ಮಾಡಿದ ತಪ್ಪು. ಭಾನುವಾರ ತಿರುಗಾಡಲು ಹೋದರೆ ಮನೆಮಂದಿಯೆಲ್ಲ ನಿನ್ನ ಹೆಜ್ಜೆಗೆ ಹೆಜ್ಜೆ ಹಾಕಬೇಕು. ಓಡಬಲ್ಲವಳು ನಾನೊಬ್ಬಳೇ, ನಿಧಾನ, ನಿಧಾನ ಅಂತ ಬೈಸಿಕೊಂಡವಳೂ ನಾನೊಬ್ಬಳೇ. ನಿನಗೆ ವರ್ಷಕ್ಕೊಂದು ಜೋಡಿ, ಎಡ ಅಟ್ಟೆಯ ಎತ್ತರ ಯಾರ ಕಣ್ಣಿಗೂ ಬೀಳದ ಹಾಗೆ. ನನಗೆ ಒಂದು ಜೋಡಿ ಮಾಡಿಕೊಡು ಎಂದರೆ, ನಿನ್ನ ಕಾಲಿಗೇನಮ್ಮ, ಯಾವ ಅಂಗಡೀದಾದ್ರೂ ಆಗುತ್ತೆ ಅನ್ನುತ್ತಿದ್ದ. ನನ್ನ ಮದುವೆಯ ದಿನ ಬೆಳಗ್ಗೆಯೂ ಅಪ್ಪ ಅಂಗಡಿಯಲ್ಲಿ ಕೂತು ನಿನ್ನ ಶೂಗೆ ಹೊಳಪು ಕೊಡುತ್ತಿದ್ದ. ನಾನು ಕೊಂಡ ಚಪ್ಪಲಿಯಲ್ಲೇ ಗಂಡನ ಮನೆಗೆ ಹೋದೆ.

ನಿನಗೆ ಗೊತ್ತಿಲ್ಲದ ಒಂದು ಸಂಗತಿ ಹೇಳುತ್ತೇನೆ. ಅಪ್ಪ ಕಣ್ಣಲ್ಲೇ ಅಳತೆ ಹಿಡಿಯುತ್ತಾನೆ ಎಂದು ನೀನು ಊರೆಲ್ಲ ಹೇಳಿಕೊಂಡು ತಿರುಗಿದೆಯಲ್ಲ, ಸುಳ್ಳು. ಚಿಕ್ಕವಳಿದ್ದಾಗ ಆಸ್ಪತ್ರೆಯಲ್ಲಿ ಎಡಗಾಲಿನ ಪಟ್ಟಿ ಬಿಚ್ಚಿದ ಮೇಲೆ ಯಾರಾದರೂ ಕಾಲು ಮುಟ್ಟಿದರೆ ನೀನು ಮನೆ ಹಾರಿಹೋಗುವಂತೆ ಕಿರುಚುತ್ತಿದ್ದೆ. ಹಾಗಾಗಿ ಎಡಗಾಲನ್ನು ನೀನು ಮಲಗಿದಾಗ ಅಳೆದುಕೊಳ್ಳುತ್ತಿದ್ದ. ನೆಲಕ್ಕೂರಿ ನಿಂತ ಪಾದದ ಅಳತೆಯೂ ಬೇಕಲ್ಲ, ಅದಕ್ಕೆ ಬಲಗಾಲಿಗೆ ನನ್ನನ್ನು ಕಾಗದದ ಮೇಲೆ ನಿಲ್ಲಿಸಿ, ಅಲ್ಲಾಡ್ಬೇಡ ಮಗಳೇ ಅನ್ನುತ್ತಾ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಿದ್ದ. ಅವಳಿಗಳಲ್ಲವೇ, ಒಂದೇ ಅಳತೆ. ಮೊದಲ ಸಲ ನನಗೇ ಶೂ ಎಂದು ಕುಣಿದಾಡಿದೆ. ಆಮೇಲೆ ಬುದ್ಧಿ ಬಂತು. ಆದರೂ ಪೆನ್ಸಿಲು ಪಾದಕ್ಕೆ ತಾಗಿ ಕಚಗುಳಿಯಾಗುವ ಅಷ್ಟು ಹೊತ್ತು ಅಪ್ಪ ನನ್ನೊಬ್ಬಳವನಾಗಿರುತ್ತಿದ್ದ. ಮದುವೆಯಾಗಿ ಹೋದ ಮೇಲೂ, ತವರಿಗೆ ಬಂದಾಗಲೆಲ್ಲ ಕಾಗದ ಹಾಸುತ್ತಿದ್ದ.

ನಿನ್ನೆ ಅಚ್ಚುಗಳು ಸಿಕ್ಕವು, ಮೇಲಿನ ಹಲಗೆಯಲ್ಲಿ, ಬಟ್ಟೆ ಸುತ್ತಿ ಇಟ್ಟಿದ್ದ. ಎಡಗಾಲಿನದು ನಿನ್ನದೇ, ಅನುಮಾನವಿಲ್ಲ. ಬಲಗಾಲಿನ ಅಚ್ಚಿನಲ್ಲಿ ಕಿರುಬೆರಳಿನ ಹತ್ತಿರ ತೊಗಲಿನ ಚೂರೊಂದನ್ನು ಅಂಟಿಸಿ, ಉಜ್ಜಿ, ಸಣ್ಣ ಉಬ್ಬು ಮಾಡಿದ್ದಾನೆ. ನಾಲ್ಕು ವರ್ಷದ ಹಿಂದೆ ಇಸ್ತ್ರಿಪೆಟ್ಟಿಗೆ ಬಿದ್ದು ನನ್ನ ಕಿರುಬೆರಳು ಮುರಿಯಿತಲ್ಲ, ಮೂಳೆ ಸೊಟ್ಟಗೆ ಕೂಡಿ ಅದೇ ಜಾಗದಲ್ಲಿ ಗಂಟು ಉಳಿಯಿತು. ನಿನ್ನ ಬೆರಳಿಗೆ ಗಂಟಿಲ್ಲ. ಈಚೆಗೆ ಬಲ ಶೂ ಅಲ್ಲಿ ಸಡಿಲ, ಅಪ್ಪನಿಗೆ ವಯಸ್ಸಾಯಿತು, ಕೈ ತಪ್ಪುತ್ತಿದೆ ಎಂದು ನೀನೇ ಬರೆದಿದ್ದೆ. ಅಪ್ಪನ ಕೈ ತಪ್ಪಿರಲಿಲ್ಲ ಕಣೇ. ನಾನು ಅಚ್ಚನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತುಬಿಟ್ಟೆ. ನನ್ನ ಗಂಡ ಎರಡು ಸಲ ಬಂದು ಏನಾಯ್ತು ಎಂದು ಕೇಳಿ ಹೋದರು.

ಪೆಟ್ಟಿಗೆ ಕಟ್ಟಿಟ್ಟಿದ್ದೇನೆ, ನಾಳೆ ಇವರು ಅಂಚೆಗೆ ಹಾಕುತ್ತಾರೆ. ಸಭೆಯಲ್ಲಿ ಚೆನ್ನಾಗಿ ಮಾತಾಡು. ಅಳಬೇಡ, ನೀನು ಅತ್ತರೆ ಎಲ್ಲರೂ ನಿನ್ನನ್ನೇ ನೋಡುತ್ತಾರೆ.

ಇಂತಿ,
ನಿನ್ನನ್ನು ಬಿಟ್ಟಿರಲಾರದ, ನಿನ್ನ ಜೊತೆ ಇರಲೂ ಆಗದ
ಅಕ್ಕ

ತಾ.ಕ.: ಪೆಟ್ಟಿಗೆಯಲ್ಲಿ ತಡಕಾಡಬೇಡ, ಎಡಗಾಲಿನ ಅಚ್ಚು ಮಾತ್ರ ಇದೆ. ಮರೆತದ್ದಲ್ಲ. ಬಲಗಾಲಿಗೆ ನಿಮ್ಮೂರಿನವನ ಮುಂದೆ ಹೋಗಿ ನಿಂತು ನಿನ್ನದೇ ಅಳತೆ ಕೊಡು. ಅಪ್ಪ ನನಗೆಂದು ಮಾಡಿದ್ದು ಅದೊಂದೇ. ಅದೂ ನಿನಗೇ ಬೇಕೇನೇ?