ಒಂದು ಬೆರಳಿನಷ್ಟು ಸಡಿಲ

ಮೇ 6, ಮಂಗಳವಾರ

ಯೂನಿಫಾರ್ಮ್ ಚಡ್ಡಿ ಹನ್ನೊಂದು ಮುಗಿದವು. ಇನ್ನೂ ಅರವತ್ತಿವೆ. ಶಾಲೆಯವರಿಗೆ ಎಲ್ಲವೂ ನಿನ್ನೆಯೇ ಬೇಕು.

ಮೂರು ಗಂಟೆಗೆ ಯಾರೋ ಬಾಗಿಲು ಬಡಿದರು. ನಮ್ಮ ನಾಯಿ ಚಿಂದಿ ಕಟಿಂಗ್ ಟೇಬಲ್ ಮೇಲೆ ಮಲಗಿತ್ತು. ನಾನೇ ಎತ್ತಿ ಮಲಗಿಸಿದ್ದು, ಕಾಲಿಗೆ ಸಿಕ್ಕುತ್ತದೆ ಎಂದು. ಸದ್ದಿಗೆ ಧಡಕ್ಕನೆ ಎದ್ದು ನೆಗೆಯಿತು, ಅಕ್ಕನಿಗೆ ಹೇಳಲು. ಬಲ ಮುಂಗಾಲು ಮೈಯಡಿಗೆ ಸಿಕ್ಕಿತು. ಪುಳ್ಳೆ ಮುರಿದಂಥ ಸದ್ದು. ನನಗೆ ಕೇಳಿಸಿತು. ಅಕ್ಕ ತಲೆ ಎತ್ತದೆ ಕಾಜಾ ಹಾಕುತ್ತಲೇ ಇದ್ದಳು.

ಅವಳ ಕಿವಿ ಹೋಗಿ ಇಪ್ಪತ್ತು ವರ್ಷ. ಚಿಂದಿ ಬಂದ ಮೇಲೆಯೇ ಮನೆಯಲ್ಲಿ ಒಬ್ಬಳೇ ಇರಲು ಧೈರ್ಯ ಮಾಡಿದ್ದು. ಬಾಗಿಲು ಬಡಿದರೆ, ಹಾಲು ಉಕ್ಕಿದರೆ ಓಡಿ ಬಂದು ಅವಳ ಮೊಣಕಾಲು ತಟ್ಟುತ್ತದೆ. ಎರಡು ಸಲ. ಯಾವಾಗಲೂ ಬಲಗಾಲಿನಿಂದಲೇ.

ಅದೇ ದಿನ, ಸಂಜೆ 7

ಪಶು ಆಸ್ಪತ್ರೆಯಲ್ಲಿ ಎಕ್ಸ್‌ರೇ ಆಯಿತು. ಎರಡೂ ಮೂಳೆ ಮುರಿದಿವೆ. ಡಾಕ್ಟರು, "ಸಣ್ಣ ನಾಯಿ, ಕಡ್ಡಿಯಂಥ ಮೂಳೆ. ಕೂಡೋದು ನಿಧಾನ. ಆದ್ರೆ ಕೂಡುತ್ತೆ" ಎಂದರು.

ಪ್ಲಾಸ್ಟರ್ ಕಟ್ಟಿದ್ದು ಕಾಂಪೌಂಡರ್. ತಲೆ ನರೆತ ಮನುಷ್ಯ. ಸುತ್ತು ಸಮ, ಎಲ್ಲೂ ನೆರಿಗೆ ಇಲ್ಲ. ನಮ್ಮ ಕಸುಬಿನಲ್ಲಿದ್ದಿದ್ದರೆ ಇಂದೇ ಕೆಲಸಕ್ಕೆ ಇಟ್ಟುಕೊಳ್ಳುತ್ತಿದ್ದೆ. ನಡುವಿನ ಎರಡು ಬೆರಳು ಹೊರಗೆ ಬಿಟ್ಟರು.

"ಈ ಎರಡು ಬೆರಳು ಬೆಳಿಗ್ಗೆ ಸಂಜೆ ನೋಡ್ಬೇಕಮ್ಮಾ. ಮುಚ್ಚಬೇಡಿ. ಉಗುರು ದೂರ ದೂರ ಆದ್ರೆ, ಊದಿದ್ರೆ, ತಣ್ಣಗಾದ್ರೆ, ವಾಸನೆ ಬಂದ್ರೆ, ಕೈಲಿರೋ ತುತ್ತು ಬಿಟ್ಟು ಓಡಿ ಬನ್ನಿ."

ಅಕ್ಕ ದಾರಿಯುದ್ದಕ್ಕೂ, "ಏನಂದ್ರು? ಏನಂದ್ರು ಹೇಳೇ!" ಮನೆಗೆ ಬಂದು ಟೇಬಲ್ ಮೇಲೆ ಮಾರ್ಕಿಂಗ್ ಚಾಕ್‌ನಲ್ಲಿ ಬರೆದೆ: ಆರು ವಾರ. ಕೂಡುತ್ತೆ. ಅಷ್ಟೇ ಬರೆದೆ. ನನಗೂ ಸಾಕಾಗಿತ್ತು.

ಮೇ 9

ಬೆರಳು ನೆಕ್ಕುವುದು, ಕಚ್ಚುವುದು. ಬಚ್ಚಲಿಗೆ ನುಗ್ಗಿ ಪ್ಲಾಸ್ಟರಿನ ತುದಿ ಒದ್ದೆ ಮಾಡಿಕೊಂಡಿದೆ. ಅಕ್ಕ ಸ್ಟೂಲನ್ನು ಬಾಗಿಲ ಕಡೆ ತಿರುಗಿಸಿಟ್ಟುಕೊಂಡಿದ್ದಾಳೆ. ಐದು ಹೊಲಿಗೆಗೊಮ್ಮೆ ತಲೆ ಎತ್ತಿ ನೋಡುತ್ತಾಳೆ, ಯಾರಾದರೂ ಬಂದರೇ ಎಂದು. ಚಿಂದಿಗೆ ಏಳುವ ಕೆಲಸ ಇರಬಾರದಂತೆ.

ಮೇ 10

ಪ್ಲಾಸ್ಟರಿಗೆ ಒಂದು ಚೀಲ ಹೊಲಿದೆ. ಹೊರಗೆ ರೆಕ್ಸಿನ್, ಒಳಗೆ ಕಾಟನ್ ಲೈನಿಂಗ್. ಯಾವ ಬಟ್ಟೆಯಾದರೂ ಒಂದು ಬೆರಳು ಆಡುವಷ್ಟು ಸಡಿಲ ಬಿಡಬೇಕು. ಕಲಿಯಲು ಬಂದವರಿಗೆಲ್ಲ ನಾನೇ ಹೇಳಿಕೊಡುವ ಮಾತು. ಬಿಟ್ಟೆ. ಅರ್ಧ ಗಂಟೆಯಲ್ಲಿ ಚಿಂದಿ ಅದನ್ನು ಕಳಚಿ, ಬಾಯಲ್ಲಿ ಕಚ್ಚಿಕೊಂಡು ಬಂದು ಅಕ್ಕನ ಮುಂದೆ ಹಾಕಿತು.

ಅಕ್ಕ ನಕ್ಕಿದ್ದೇ ನಕ್ಕಿದ್ದು. "ನಿನ್ನ ಫಿಟ್ಟಿಂಗ್ ಅವಳಿಗೆ ಹಿಡಿಸಲಿಲ್ಲ ಕಣೇ!"

ಮೂವತ್ತು ವರ್ಷದ ಕಸುಬು. ನಾಯಿಯ ಮುಂದೆ ಮಾನ ಹೋಯಿತು.

ಮೇ 11

ಬಿಗಿ ಮಾಡಿದೆ. ಅದನ್ನೂ ಕಳಚಿತು. ಮೂರನೇ ಸಲ ಕಾಲಿನ ಮೇಲೆಯೇ ಇಟ್ಟು ಅಂಚು ಸೇರಿಸಿ ಹೊಲಿದುಬಿಟ್ಟೆ. ಈಗ ಬೆರಳಲ್ಲ, ಕಡ್ಡಿಯೂ ತೂರದು. ಪಕ್ಕದ ಮನೆಯಾಕೆ ನೋಡಿ, "ಅಯ್ಯೋ, ಬೂಟು!" ಎಂದಳು. ಬೀಗಿದೆ.

ಬೆರಳು ಮಾತ್ರ ಕಾಣುವುದಿಲ್ಲ. ನಾಳೆ ಮುಂದೆ ಒಂದು ಕಿಂಡಿ ಬಿಡಬೇಕು.

ಮೇ 13

ಚಡ್ಡಿ ಇಪ್ಪತ್ತೆರಡು. ಕಿಂಡಿಗೆ ಪುರುಸೊತ್ತಾಗಲಿಲ್ಲ.

ಮೇ 15

ಅಕ್ಕ: "ಅವಳ ಹತ್ರ ಏನೋ ವಾಸನೆ ಕಣೇ."

ಬರೆದೆ: ಹೊಸ ರೆಕ್ಸಿನ್ ಹಾಗೇ.

ನಂಬಿದಳು. ನಾನು ಬರೆದದ್ದನ್ನು ನಂಬದೆ ಅವಳಿಗೆ ಬೇರೆ ದಾರಿ ಎಲ್ಲಿದೆ... ನಾಳೆ ಬಿಚ್ಚಿ ನೋಡುತ್ತೇನೆ. ಇವತ್ತಿನ ಚಡ್ಡಿ ನಾಲ್ಕು ಬಾಕಿ.

ಮೇ 16, ಬೆಳಿಗ್ಗೆ 6

ಚಿಂದಿ ರಾತ್ರಿಯಿಂದ ಏನೂ ತಿಂದಿಲ್ಲ. ಮೈ ಸುಡುತ್ತಿದೆ. ಹೊಲಿಗೆ ಕತ್ತರಿಸಿದೆ. ಬೆರಳು ಊದಿ ಉಗುರುಗಳು ದೂರ ದೂರ ಸರಿದಿವೆ. ಬಣ್ಣ ನೇರಳೆ, ಮಧ್ಯೆ ಕಪ್ಪು. ಮುಟ್ಟಿದರೆ ತಣ್ಣಗೆ. ಮುಟ್ಟಿದ್ದು ಅದಕ್ಕೆ ಗೊತ್ತಾಗಲೇ ಇಲ್ಲ.

ಚೀಲವನ್ನು ಚೂರು ಬಟ್ಟೆಯ ಮೂಟೆಯ ತಳಕ್ಕೆ ತುರುಕಿದೆ. ಏಕೆ ಹಾಗೆ ಮಾಡಿದೆ? ಮಾಡಿದ ಮೇಲೆಯೇ ಅಕ್ಕನನ್ನು ಎಬ್ಬಿಸಿದ್ದು.

ಮಧ್ಯಾಹ್ನ 2

ಡಾಕ್ಟರು ಪ್ಲಾಸ್ಟರ್ ಒಡೆದರು. ಬೆರಳು ಒತ್ತಿ ನೋಡಿದರು. ಆಮೇಲೆ, "ಬೆರಳು ದಿನಾ ನೋಡ್ತಿದ್ರಾ?"

"ನೋಡ್ತಿದ್ದೆ ಡಾಕ್ಟ್ರೇ."

ಬಾಯಿಂದ ಹಾಗೇ ಬಂತು. ನಾನು ಎಂಥವಳು ಎಂದು ಆ ಕ್ಷಣ ಗೊತ್ತಾಯಿತು.

ಅವರು ಕಾಂಪೌಂಡರ್ ಕಡೆ ಬೆರಳು ತೋರಿಸಿ, "ಬಿಗಿಯಾಗಿದೆ" ಎಂದರು.

"ಬಿಗಿ ಕಟ್ಟಿರಲಿಲ್ಲ ಸರ್..." ಎಂದು ಕಾಂಪೌಂಡರ್ ಅರ್ಧಕ್ಕೇ ನಿಲ್ಲಿಸಿ ತಮ್ಮ ಕೈ ನೋಡಿಕೊಂಡರು.

ಅಕ್ಕನಿಗೆ ಮಾತು ಕೇಳದಿದ್ದರೂ ಡಾಕ್ಟರು ಅವರತ್ತ ತೋರಿಸಿದ ಬೆರಳು ಕಂಡಿತು. ಕಾದು ಕೂತವರೆಲ್ಲ ತಿರುಗಿ ನೋಡುವಂತೆ ಕೂಗಿದಳು: "ನಿನ್ನ ಕೈ ಸೇದ್ಹೋಗ! ಬಾಯಿಲ್ಲದ ಜೀವ ಅದು!"

ನನಗೆ ಬಾಯಿತ್ತು. ಚೀಟಿ, ಪೆನ್ನು ಎರಡೂ ಇದ್ದವು. ಸುಮ್ಮನೆ ನಿಂತೆ.

ಮೇ 24

ಕೊಳೆತ ಕಾಲನ್ನು ಭುಜದಿಂದಲೇ ತೆಗೆದು ಏಳು ದಿನ. ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು ತೋರಿಸಿದ್ದರು. "ಮೂಳೆ ಕೂದಲೆಳೆಯಷ್ಟೂ ಸರಿದಿರ್ಲಿಲ್ಲ. ಕೂಡಿಬಿಡ್ತಿತ್ತು." ಅಷ್ಟು ಚೆನ್ನಾಗಿ ಕಟ್ಟಿದ್ದರು ಕಾಂಪೌಂಡರ್.

ನೆಲಕ್ಕೆಲ್ಲ ಚಾಪೆ ಹಾಸಿದ್ದೇವೆ, ಜಾರದಿರಲಿ ಎಂದು. ಎದೆಯ ಕೆಳಗೆ ಟವೆಲ್ ಕೊಟ್ಟು ಹಿಡಿದು ನಡೆಸುವುದು. ಹತ್ತು ಹೆಜ್ಜೆ, ವಿಶ್ರಾಂತಿ. ಮತ್ತೆ ಹತ್ತು.

ಇವತ್ತು ಹಾಲು ಉಕ್ಕಿತು. ನಾನು ಮಷೀನ್ ಮೇಲಿದ್ದೆ. ಚಿಂದಿ ಕುಂಟುತ್ತಾ ಅಕ್ಕನ ಹತ್ತಿರ ಹೋಯಿತು. ಹೊಲಿಗೆ ಹಾಕಿದ ಭುಜ ಅಲುಗಿತು. ಎರಡು ಸಲ. ಅಕ್ಕ ಕಾಜಾ ನೋಡುತ್ತಿದ್ದಳು. ತಟ್ಟಲು ಕಾಲೇ ಇಲ್ಲ. ಮತ್ತೆ ಎರಡು ಸಲ.

ನಾನೇ ಹೋಗಿ ಒಲೆ ಆರಿಸಿದೆ. ಪಾತ್ರೆ ತಿಕ್ಕುತ್ತಾ ಅತ್ತೆ.

ಜೂನ್ 2

ಹೊಲಿಗೆ ಬಿಚ್ಚಿಸಿದೆವು. ಬಿಚ್ಚಿದ್ದು ಯಾರೋ ಹೊಸಬಳು. ಕಾಂಪೌಂಡರ್ ಎಲ್ಲಿ ಎಂದು ಕೇಳಿದೆ.

"ಬ್ಯಾಂಡೇಜ್ ಕೆಲಸ ಅವರೇ ಬೇಡ ಅಂದ್ರು. ಕೈ ನಡುಗುತ್ತಂತೆ. ಹಿಂದೆ ನಾಯಿಗೂಡು ತೊಳೀತಿದ್ದಾರೆ" ಎಂದರು ಡಾಕ್ಟರು.

ಹೊರಡುವಾಗ ಕಾಂಪೌಂಡರ್ ಎದುರಿಗೇ ಬಂದರು. ಅಕ್ಕ ಮುಖ ತಿರುಗಿಸಿದಳು. ಅವರು ಚಿಂದಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು, "ತಪ್ಪಾಯ್ತು ಕಣಮ್ಮಾ" ಎಂದರು. ನಾಯಿಗೆ. ಚಿಂದಿ ಅವರ ಕೈ ನೆಕ್ಕಿತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಎಷ್ಟು ಸಲ ಯಾರ್‍ಯಾರಿಗೋ ಹೇಳಿ ನಕ್ಕಿದ್ದೇನೆ.

ಜೂನ್ 9

ಅಕ್ಕ ಚಿಂದಿಗೆ ಪಾಠ ಶುರು ಮಾಡಿ ವಾರವಾಯಿತು. ನಾನು ಹೊರಗೆ ನಿಂತು ಬಾಗಿಲು ಬಡಿಯುವುದು. ಒಳಗೆ ಅವಳು ಬಿಸ್ಕತ್ತು ಹಿಡಿದು ಕೂರುವುದು. ತಲೆಯನ್ನು ಮೊಣಕಾಲಿಗೆ ಒತ್ತಬೇಕು, ಅದು ಹೊಸ ಸನ್ನೆ. ಚಿಂದಿಗೆ ಕಾಲಿನದೇ ಅಭ್ಯಾಸ. ಭುಜ ಅಲುಗಿಸುತ್ತದೆ, ತೂಕ ತಪ್ಪಿ ಬೀಳುತ್ತದೆ. ಅಕ್ಕ ಎತ್ತಿ ನಿಲ್ಲಿಸಿ, "ಇನ್ನೊಂದ್ಸಲ, ನನ್ನ ರಾಣಿ" ಎನ್ನುತ್ತಾಳೆ. ನಾನು ಮತ್ತೆ ಹೊರಗೆ.

ಇವತ್ತು ಬಡಿದು ಕಿಟಕಿಯಿಂದ ಇಣುಕಿದೆ. ಕುಪ್ಪಳಿಸಿ ಹೋಯಿತು. ನಿಂತಿತು. ಹಣೆಯನ್ನು ಅವಳ ಮೊಣಕಾಲಿಗೆ ಒತ್ತಿತು, ಒತ್ತಿಯೇ ಇತ್ತು.

"ತಿಳೀತು ಬಿಡೇ, ತಿಳೀತು!" ಎಂದು ಅಕ್ಕ ಅಳುತ್ತಾ ನಗುತ್ತಾ ಬಿಸ್ಕತ್ತು ಕೊಡುವುದನ್ನೇ ಮರೆತಳು.

ಜೂನ್ 10

ಚಿಂದಿಗೆ ಮೆತ್ತೆ ಹೊಲಿಯಬೇಕಂತೆ. ಅಕ್ಕ ಚೂರು ಬಟ್ಟೆಯ ಮೂಟೆಗೆ ಕೈ ಹಾಕಿದಳು. ಕಸಿದುಕೊಂಡೆ. ಅವಳು ಬೆಪ್ಪಾಗಿ ನನ್ನನ್ನೇ ನೋಡಿದಳು. "ಅದರಲ್ಲೇನು ಬಂಗಾರ ಇಟ್ಟಿದ್ದೀಯಾ?"

ಇನ್ನು ಆಗುವುದಿಲ್ಲ.

ಜೂನ್ 11, ಬೆಳಿಗ್ಗೆ 11

ಚೀಲ ತೆಗೆದು ಟೇಬಲ್ ಮೇಲಿಟ್ಟೆ. ಪಕ್ಕದಲ್ಲಿ ಚಾಕ್‌ನಲ್ಲಿ ಬರೆದೆ. ಮುಚ್ಚಬೇಡಿ ಎಂದಿದ್ದರು, ಮುಚ್ಚಿದೆ. ದಿನಾ ನೋಡಿ ಎಂದಿದ್ದರು, ಐದು ದಿನ ನೋಡಲಿಲ್ಲ. ವಾಸನೆ ರೆಕ್ಸಿನ್‌ದಲ್ಲ. ಡಾಕ್ಟರ ಹತ್ತಿರ ಸುಳ್ಳು ಹೇಳಿದೆ. ಕಾಂಪೌಂಡರ್ ತಪ್ಪು ಏನೂ ಇಲ್ಲ.

ಟೇಬಲ್ ತುಂಬಿತು. ಅಕ್ಕ ನಿಂತುಕೊಂಡೇ ಓದಿದಳು. ಚೀಲ ಎತ್ತಿಕೊಂಡು, ಹೊಲಿಗೆ ಎಲ್ಲಿತ್ತೋ ಅಲ್ಲಿಗೆ ಅಂಚು ಸೇರಿಸಿ ಹಿಡಿದು, ಒಳಗೆ ಕಿರುಬೆರಳು ತೂರಿಸಲು ನೋಡಿದಳು. ಹೋಗಲಿಲ್ಲ.

ಕೂಗುತ್ತಾಳೆ ಎಂದುಕೊಂಡೆ. ಮೆಲ್ಲಗೆ ಮಾತಾಡಲು ಅವಳಿಗೆ ಬರುವುದೇ ಇಲ್ಲ. ಇವತ್ತು ಬಂತು.

"ನಂಗೆ ಕಿವಿ ಇಲ್ಲ. ನಿಂಗೇನಾಗಿತ್ತೇ?"

ಉತ್ತರ ಬರೆಯಲು ಚಾಕ್ ಎತ್ತಿದೆ. ಅವಳು ನೋಡಲಿಲ್ಲ.

"ಕೈ ಸೇದ್ಹೋಗ ಅಂದ್ಬಿಟ್ಟೆ ಆ ಮನುಷ್ಯನಿಗೆ. ಎಲ್ಲರ ಮುಂದೆ..." ಚಪ್ಪಲಿ ಹುಡುಕತೊಡಗಿದಳು. "ಚೀಲ ತಗೋ. ನಡಿ."

ಬಾಗಿಲಲ್ಲಿ ನಿಂತಿದ್ದಾಳೆ. ನಾನು ಇಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಬರೆಯುವ ನೆಪ. ಹೋದರೆ ಆ ಕೈಗಳನ್ನು ನೋಡಬೇಕು. ಹೆದರಿಕೆಯಾಗುತ್ತದೆ.

ಅಕ್ಕ ನನ್ನ ಹೆಸರು ಹಿಡಿದು ಕರೆದಳು. ಮತ್ತೆ ಕರೆದಳು.

ಚಿಂದಿ ಕುಪ್ಪಳಿಸುತ್ತಾ ಬಂತು. ನನ್ನ ಹತ್ತಿರ. ಎಂದೂ ಹೀಗೆ ಬಂದದ್ದಲ್ಲ, ನನಗೆ ಕೇಳಿಸುತ್ತದೆ ಎಂದು ಅದಕ್ಕೆ ಗೊತ್ತು. ಹಣೆಯನ್ನು ನನ್ನ ಮೊಣಕಾಲಿಗೆ ಒತ್ತಿ ನಿಂತಿದೆ. ತೆಗೆಯುತ್ತಿಲ್ಲ. ಮೂರು ಕಾಲೂ ನಡುಗುತ್ತಿವೆ.

ಬಂದೆ ಎಂದು ಇಲ್ಲಿಂದ ಕೂಗಿದರೆ ಅಕ್ಕನಿಗೆ ಕೇಳಿಸುವುದಿಲ್ಲ. ಎದ್ದೇ ಹೋಗ—