ಒಳಗಿನ ಡ್ಯೂಟಿ

ಜುಲೈ 5, 2010. ಮಧ್ಯಾಹ್ನ

ನನ್ನ ಜೊತೆಯ ನರ್ಸ್ ಯಾದಗಿರಿ ಇವತ್ತೂ ಲೇಟ್. ಕೇಳಿದರೆ ಅಮೀರ್‌ಪೇಟ್‌ನಲ್ಲಿ ಟ್ರಾಫಿಕ್ ಅಂತೆ. ಅಮೀರ್‌ಪೇಟ್‌ನಲ್ಲಿ ಟ್ರಾಫಿಕ್ ಇಲ್ಲದ ದಿನ ಯಾವುದಿತ್ತು? ಒಳಗಿನ ಡ್ಯೂಟಿ ಮತ್ತೆ ನನ್ನ ತಲೆಗೇ ಬಂತು. ಆರು ಜನ ಶುಗರ್ ಪೇಷಂಟ್‌ಗಳು, ಎಲ್ಲರಿಗೂ ವಾಸಿಯಾಗದ ಗಾಯ. ನೀರಿನ ಟ್ಯಾಂಕರ್‌ನಂಥ ಕಬ್ಬಿಣದ ಚೇಂಬರ್, ಬಾಗಿಲು ಹಾಕಿದರೆ ಎರಡು ತಾಸು ಹೊರಗೆ ಬರುವ ಹಾಗಿಲ್ಲ. ಗಾಳಿಯ ಒತ್ತಡ ಏರುವಾಗ ಎಲ್ಲರೂ ಕಿವಿ ಹಿಡಿದುಕೊಂಡು, ತಪ್ಪು ನನ್ನದೇ ಅನ್ನುವ ಹಾಗೆ ನೋಡುತ್ತಾರೆ. ಉಗುಳು ನುಂಗಿ, ಆಕಳಿಸಿ ಅಂತ ಮೂರು ಭಾಷೆಯಲ್ಲಿ ಹೇಳಿದೆ. ಅವರಿಗೆ ಮಾಸ್ಕಿನಲ್ಲಿ ಆಕ್ಸಿಜನ್. ನನಗೆ ಚೇಂಬರಿನ ಬರೀ ಗಾಳಿ.

ಈ ಯಂತ್ರ ಹುಟ್ಟಿದ್ದು ಡೈವರ್‌ಗಳಿಗಾಗಿ. ಹೈದರಾಬಾದಿಗೆ ಡೈವರ್ ಎಲ್ಲಿಂದ ಬರಬೇಕು. ಗಣಪತಿ ಮುಳುಗಿಸುವವರು ಬಿಟ್ಟರೆ ಇಲ್ಲಿ ನೀರಿಗೆ ಇಳಿಯುವವರು ಯಾರು.

ಅಂದುಕೊಂಡೆ, ಡಾಕ್ಟರ್ ರಾಮದಾಸ್ ಫೋನ್ ಬಂತು. ಕೃಷ್ಣಾ ಮೇಲಿನ ಯಾವುದೋ ಡ್ಯಾಮಿನಿಂದ ಒಬ್ಬ ಡೈವರ್‌ನನ್ನು ಜೀಪಿನಲ್ಲಿ ತರುತ್ತಿದ್ದಾರಂತೆ. ಎರಡೂ ಕಾಲು ಬಿದ್ದಿವೆ. ಮನೆಗೆ ಹೋಗಬೇಡಿ ಅಂದರು. ಶಾಮಲಾಗೆ ಹೇಳಬೇಕು, ಉಂಡು ಮಲಗು ಅಂತ. ನನ್ನ ತಂಗಿ ಒಬ್ಬಳೇ ಉಣ್ಣುವುದಿಲ್ಲ. ಚಿಕ್ಕಂದಿನಿಂದ ಅದೊಂದು ರೋಗ.

ಜುಲೈ 6. ಬೆಳಿಗ್ಗೆ

ಬಂದವನು ಪ್ರಹ್ಲಾದ. ಶಾಮಲಾಳ ಗಂಡ.

ಆರು ವರ್ಷದ ಹಿಂದೆ ಇದ್ದ ಬ್ಯಾಂಕಿನ ನೌಕರಿ ಬಿಟ್ಟು, ನೀರೊಳಗಿನ ಕೆಲಸ ಕಲಿಯುತ್ತೇನೆ ಅಂತ ವಿಶಾಖಪಟ್ನಕ್ಕೆ ಹೋದ ಮಹಾನುಭಾವ. ಮನೆ ಮಾಡಿ ಕರೆಸಿಕೊಳ್ಳುತ್ತೇನೆ ಅಂದಿದ್ದ. ಅಂದಿನಿಂದ ಅವಳು ನಾರಾಯಣಗೂಡದ ನನ್ನ ಎರಡು ಕೋಣೆಯಲ್ಲಿ ಇದ್ದಾಳೆ. ದಸರೆಗೆ ಒಂದು ಫೋನ್, ಯುಗಾದಿಗೆ ಒಂದು. ಕಡೆಕಡೆಗೆ ಅದೂ ಇಲ್ಲ. ಹೆಸರಿಟ್ಟವರು ಜಾಣರು, ಸಮುದ್ರಕ್ಕೆ ಎಸೆದರೂ ಸಾಯದವನು.

"ಅಕ್ಕಾರ," ಅಂದ ಸ್ಟ್ರೆಚರ್ ಮೇಲಿಂದ. "ನೀವಿಲ್ಲೇ ಇದ್ದೀರೇನು."

"ಮಾತಾಡಬ್ಯಾಡ. ಉಚ್ಚಿ ಹೋಗಿ ಎಷ್ಟೊತ್ತಾತು?"

ಗೊತ್ತಿಲ್ಲ ಅಂದ. ಕಿಬ್ಬೊಟ್ಟೆ ಉಬ್ಬಿತ್ತು. ಬೆನ್ನುಹುರಿಗೆ ಹೊಡೆದರೆ ಅದೂ ಕಟ್ಟುತ್ತದೆ. ಟ್ಯೂಬ್ ಹಾಕಿದೆ. ಇವನ ಬಗ್ಗೆ ಯೋಚಿಸಿ ಯೋಚಿಸಿ ಸಿಟ್ಟು ಗಟ್ಟಿಯಾಗಿದೆ, ಕೆಲಸಕ್ಕೆ ಅಡ್ಡ ಬರುವುದಿಲ್ಲ.

ಡ್ಯಾಮಿನ ಗೇಟ್ ರಿಪೇರಿಗೆ ದಿನಕ್ಕೆ ಮೂರು ಸಲ ನೂರು ಅಡಿಗಿಂತ ಕೆಳಗೆ ಇಳಿದಿದ್ದಾನೆ. ಅಷ್ಟು ಆಳದಲ್ಲಿ ಉಸಿರಾಡಿದರೆ ಗಾಳಿಯ ನೈಟ್ರೋಜನ್ ರಕ್ತದಲ್ಲಿ, ಕೊಬ್ಬಿನಲ್ಲಿ ಕರಗಿ ಕೂರುತ್ತದೆ. ನಿಂತು ನಿಂತು ಮೇಲೆ ಬಂದರೆ ಉಸಿರಿನಲ್ಲೇ ಹೊರಗೆ ಹೋಗುತ್ತದೆ. ಅವಸರ ಮಾಡಿದರೆ ಮೈಯೊಳಗೇ ಗುಳ್ಳೆಯಾಗುತ್ತದೆ. ಇವನು ಕೊನೆಯ ಸಲ ಎಲ್ಲೂ ನಿಲ್ಲದೆ ಬಂದಿದ್ದಾನೆ. ಭುಜ ನೋವು ಅಂದಾಗ ಯಾರೋ ಎಣ್ಣೆ ತಿಕ್ಕಿದ್ದಾರೆ. ಅದರ ಮೇಲೆ ಜೀಪು ಹತ್ತಿ ಘಾಟು ಏರಿದ್ದಾನೆ. ಎತ್ತರದಲ್ಲಿ ಗಾಳಿ ತೆಳು, ಗುಳ್ಳೆ ದೊಡ್ಡದು. ಘಾಟಿನ ತುದಿ ಮುಟ್ಟುವಷ್ಟರಲ್ಲಿ ಕಾಲು ಹೋದವು. ಒಂದು ಕಡೆ ನಿಲ್ಲುವುದು ಇವನಿಗೆ ಯಾವತ್ತು ಗೊತ್ತಿತ್ತು.

ಅರವತ್ತು ಅಡಿ ನೀರಿನಷ್ಟು ಒತ್ತಡ ಕೊಟ್ಟು ಗುಳ್ಳೆ ಕುಗ್ಗಿಸುವುದು, ಆಕ್ಸಿಜನ್ ಕೊಟ್ಟು ನೈಟ್ರೋಜನ್ ತೊಳೆಯುವುದು. ಐದು ತಾಸು. ಡಬ್ಬಿಯೊಳಗೆ ಅವನು ಮತ್ತು ನಾನು. ಆ ಒತ್ತಡದಲ್ಲಿ ಮಾತು ಮೂಗಿನಿಂದ ಬರುತ್ತದೆ. ಅವನು ಶಾಮಲಾ ಅಂದದ್ದು ಕೇಳಿ ನಗು ಬಂತು, ಮತ್ತೆ ಹೊಡೆಯಬೇಕು ಅನ್ನಿಸಿತು.

ಜುಲೈ 6. ಸಂಜೆ

ಹೇಳಿದೆ. ಶಾಮಲಾ ಅಳಲಿಲ್ಲ. ಎದ್ದು ಸೀರೆ ಬದಲಿಸಿದಳು.

"ಕಾಲು ಬರದಿದ್ದರ?"

"ವ್ಹೀಲ್‌ಚೇರು."

"ಹಂಗಾದರ ಇಲ್ಲೇ ಕರಕೊಂಡು ಬರೋಣಕ್ಕ. ನಾ ನೋಡ್ಕೋತೀನಿ."

ಕೇಳಿ ಮೈ ಉರಿಯಿತು. ಆರು ವರ್ಷ ಕಾಯಿಸಿದವನ ಉಚ್ಚೆ ಬಳಿಯುತ್ತಾ ಇನ್ನು ಮೂವತ್ತು ವರ್ಷ! ಆಗಕೂಡದು. ಕಾಲು ಬರಲೇಬೇಕು. ಬಂದ ಕಾಲಿನಿಂದ ಎದ್ದು ಹೋಗಬೇಕು, ಹೇಗೂ ಹೋಗುವುದು ಅವನ ಗುಣ. ನಾನೇ ನಡೆಸುತ್ತೇನೆ ಇವನನ್ನು. ನಡೆಸಿ ಕಳಿಸುತ್ತೇನೆ.

ಜುಲೈ 9

ಬಲಗಾಲಿನ ಹೆಬ್ಬೆರಳು ಅಲ್ಲಾಡಿತು. ದಿನಕ್ಕೆ ಒಂದು ಸೆಷನ್. ಯಾದಗಿರಿಯ ಪಾಳಿಯೂ ನಾನೇ ತೆಗೆದುಕೊಳ್ಳುತ್ತಿದ್ದೇನೆ, ಅವನು ಬೆರಳು ನೋಡುವುದಿಲ್ಲ, ಮೊಬೈಲ್ ಹೊರಗಿಟ್ಟು ಬಂದದ್ದಕ್ಕೆ ದುಃಖಿಸುತ್ತಾ ಕೂರುತ್ತಾನೆ. ಹೊರಗೆ ವಾಲ್ವ್ ನೋಡಿಕೊಳ್ಳುವ ಬಂಡೆಪ್ಪ ಬೀದರಿನವನು. ಮೈಕಿನಲ್ಲಿ, "ಸಿಸ್ಟರ್, ನೀವು ಭಾಳ ಸೇವಾ ಮಾಡಾಕತ್ತೀರಿ, ಪುಣ್ಯ ಬರ್ತೈತಿ" ಅಂದ. ನನ್ನ ಮನಸ್ಸು ಅವನಿಗೇನು ಗೊತ್ತು.

ಜುಲೈ 15

ವಾಕರ್ ಹಿಡಿದು ಬಾಗಿಲ ತನಕ ಹೋದ. ಟ್ಯೂಬ್ ತೆಗೆದಾಯಿತು. ವಾರ್ಡಿಗೆ ಹೋದರೆ ಶಾಮಲಾ ಅವನ ಪಾದ ತೊಡೆಯ ಮೇಲೆ ಇಟ್ಟುಕೊಂಡು ಉಗುರು ಕತ್ತರಿಸುತ್ತಿದ್ದಳು. ಇಬ್ಬರೂ ಯಾವುದಕ್ಕೋ ನಗುತ್ತಿದ್ದರು. ನನ್ನನ್ನು ನೋಡಿ ಸುಮ್ಮನಾದರು. ಆರು ವರ್ಷ ಅವಳ ಜೊತೆ ನಕ್ಕವಳು ನಾನು. ಸುಹಾಸಿನಿ ಅಂತ ಹೆಸರು ಬೇರೆ.

ಜುಲೈ 20

ಎಡಪಾದ ಇನ್ನೂ ಎಳೆಯುತ್ತದೆ. ಡಾಕ್ಟರು ತೆಲುಗಿನಲ್ಲಿ, "ಚಾಲಮ್ಮಾ, ಇಷ್ಟು ಸಾಕು, ಉಳಿದದ್ದು ಫಿಸಿಯೋದಲ್ಲಿ ಬರುತ್ತದೆ" ಅಂದರು. ನಾನು ಬಿಡಲಿಲ್ಲ. ಕುಂಟುವವನನ್ನು ಕಳಿಸಿದರೆ ಕುಂಟುತ್ತಾ ವಾಪಸು ಬರುತ್ತಾನೆ. ಇನ್ನೊಂದು ಉದ್ದದ ಸೆಷನ್ ಕೊಡೋಣ, ಆಮೇಲೆ ಬೇಕಾದರೆ ಒಂದು ಚಿಕ್ಕದು ಅಂತ ಹಟ ಹಿಡಿದೆ. ಗುರುವಾರಕ್ಕೆ ಒಪ್ಪಿದರು.

ಮನೆಗೆ ಬಂದು ಕ್ಯಾಲೆಂಡರ್ ನೋಡಿದರೆ ಗುರುವಾರ ಪ್ರಥಮ ಏಕಾದಶಿ. ಏಕಾದಶಿಗೆ ಒಳಗಿನ ಡ್ಯೂಟಿ ಯಾದಗಿರಿಗೆ ಹಾಕುವುದು ನನ್ನ ಪದ್ಧತಿ, ಆಸ್ಪತ್ರೆಯಲ್ಲಿ ಯಾರಿಗೂ ಕಾರಣ ಹೇಳಿಲ್ಲ. ಅವನಿಗೆ ನೆಗಡಿ. ನೆಗಡಿಯಾದವನ ಕಿವಿ ಒತ್ತಡ ತಡೆಯುವುದಿಲ್ಲ. ನಾನೇ ಹೋಗಬೇಕು.

ಜುಲೈ 22. ಬೆಳಿಗ್ಗೆ

ನೀರು ಮುಟ್ಟಿಲ್ಲ.

"ಒಳಗ ಕೂಡಾಕಿ ನೀರು ಕುಡೀಬೇಕಂತ ನೀನೇ ಹೇಳ್ತೀ," ಅಂದಳು ಶಾಮಲಾ. "ರಕ್ತ ದಪ್ಪಾದರ ಆ ನೈಟ್ರೋಜನ್ ಲಗೂ ಹೊರಗ ಹೋಗಂಗಿಲ್ಲಂತ. ಇವತ್ತೊಂದಿನ ಕುಡಿ. ದೇವರು ಬೈಯಂಗಿಲ್ಲ."

ನನಗೂ ಗೊತ್ತು. ಯಾದಗಿರಿಗೆ ದಿನಾ ಇದನ್ನೇ ಉಪದೇಶ ಮಾಡುತ್ತೇನೆ. ಆದರೆ ನಿನ್ನೆ ಅವಳ ಗಂಡ ಏಕಾದಶಿಗೆ ಉಪ್ಪಿಟ್ಟು ಸಿಗುತ್ತದೇನು ಅಂತ ಕ್ಯಾಂಟೀನಿನವನನ್ನು ಕೇಳಿದ್ದನ್ನು ಕೇಳಿಸಿಕೊಂಡೆ. ಅವನಿಗಾಗಿ ನನ್ನ ಉಪವಾಸ ಮುರಿಯಲೇ? ಸಾಧ್ಯವಿಲ್ಲ.

ಜುಲೈ 22. ಸಂಜೆ

ಬರೆಯುತ್ತೇನೆ, ಇಲ್ಲದಿದ್ದರೆ ಪಾತ್ರೆ ಎಸೆಯುತ್ತೇನೆ.

ಎಲ್ಲ ಸರಿಯಾಗಿಯೇ ಇತ್ತು. ಪಾದ ತಿರುವಿ, ಎತ್ತಿ, ತಳ್ಳಿಸಿ ನನ್ನ ಬೆವರು ಇಳಿದಿತ್ತು. ಕೊನೆಯ ಭಾಗದಲ್ಲಿ ನಾನೂ ಆಕ್ಸಿಜನ್ ಮಾಸ್ಕ್ ಹಾಕಬೇಕು. ಬರೀ ಗಾಳಿ ಎಳೆದು ಕೂತವಳ ಮೈಯಲ್ಲೂ ನೈಟ್ರೋಜನ್ ಸೇರಿರುತ್ತದೆ. ಪೇಷಂಟ್ ಪಾರಾಗಿ ನರ್ಸ್ ಸಿಕ್ಕಿಬಿದ್ದದ್ದು ಉಂಟು. ಹಾಕಿದೆ. ಅವನಿಗೆ ಆಗ ಮಾಸ್ಕಿನಿಂದ ವಿರಾಮ. ಕಾದಿದ್ದನೋ ಏನೋ.

"ಅಕ್ಕಾರ, ನಾಳೆ ಸಂಜಿ ವಿಶಾಖಪಟ್ನದ ಗೋದಾವರಿ ಟ್ರೇನಿಗೆ ಎರಡು ಟಿಕೆಟ್ ತಗೊಂಡೀನಿ. ಶಾಮಲಾನೂ ಬರ್ತಾಳ. ನಿಮಗ ಹೇಳ್ಲಿಕ್ಕೆ ಅಂಜ್ಯಾಳ, ಅದಕ್ಕ ನಾನೇ ಹೇಳ್ಲಿಕ್ಹತ್ತೀನಿ."

ಮಾಸ್ಕ್ ಕಿತ್ತೆ.

"ಯಾರ ಮನಿಗೆ ಒಯ್ತೀ? ಯಾವ ಮಾರಿ ಇಟಗೊಂಡು ಒಯ್ತೀ?"

"ಮನಿ ಮಾಡೀನ್ರಿ. ನೀರಿಗೆ ಇನ್ನ ಇಳಿಯೂ ಹಂಗಿಲ್ಲ ಅಂದಾರ ಡಾಕ್ಟರು. ದಂಡಿ ಮ್ಯಾಲೆ ಸಿಲಿಂಡರ್ ತುಂಬೂ ಕೆಲಸ ಅದ. ತಪ್ಪು ನಂದೇ. ಆದರ ಆಕಿನ್ನ ಕೇಳೀನಿ, ಬರ್ತೀನಿ ಅಂದಾಳ."

ಆರು ವರ್ಷದ್ದು ಒಮ್ಮೆಗೇ ಬಂತು. ಅವಳಿಗೆ ಟೈಫಾಯ್ಡ್ ಆದಾಗ ಎಲ್ಲಿದ್ದೆ, ನೆಂಟರು ಮುಖಕ್ಕೆ ಮುಖ ಕೊಟ್ಟು ಗಂಡ ಎಲ್ಲಿ ಅಂತ ಕೇಳಿದಾಗ ಎಲ್ಲಿದ್ದೆ. ಅವನ ವಿರಾಮ ಮುಗಿದಾಗ ಅವನ ಮಾಸ್ಕ್ ನಾನೇ ಮುಖಕ್ಕೆ ಒತ್ತಿದೆ, ಬೈಯುತ್ತಲೇ. ನನ್ನದು ಕುತ್ತಿಗೆಯಲ್ಲಿ ನೇತಾಡುತ್ತಿತ್ತು.

"ಸಿಸ್ಟರ್, ಮಾಸ್ಕ್ ಹಾಕ್ರಿ," ಅಂದ ಬಂಡೆಪ್ಪ ಮೈಕಿನಲ್ಲಿ. ಗಾಜಿಗೆ ಬೆನ್ನು ಮಾಡಿ ಕೂತೆ. "ಹಾಕೀನಿ, ನೀ ಒತ್ತಡ ಇಳಸು" ಅಂದೆ. ಬಾಗಿಲು ತೆರೆಯುವ ತನಕ ಬಾಯಿ ಮುಚ್ಚಲಿಲ್ಲ. ಅವನು ತಿರುಗಿ ಒಂದು ಮಾತೂ ಆಡಲಿಲ್ಲ. ಅದು ಇನ್ನೂ ಸಿಟ್ಟು ತರಿಸಿತು.

ಆಮೇಲೆ ಅವನು ಎದ್ದು ನಡೆದ. ಪಾದ ಎಳೆಯಲಿಲ್ಲ.

ಮನೆಯಲ್ಲಿ ಶಾಮಲಾ ಸೀರೆ ಮಡಚುತ್ತಿದ್ದಳು.

"ಪಾಪ ಅಂತ ಹೋಗಬ್ಯಾಡ," ಅಂದೆ.

"ಪಾಪ ಅಂತ ಅಲ್ಲಕ್ಕ. ಬಿದ್ದಿದ್ದರ ಇಲ್ಲೇ ಇಟಗೊಂಡು ಸೇವಾ ಮಾಡ್ತಿದ್ದೆ, ಅವರ ಜೋಡಿ ಹೋಗ್ತಿದ್ದಿಲ್ಲ. ಈಗ ನಡೀತಾರ. ಬಿಟ್ಟು ಹೋಗೂ ಕಾಲಿದ್ದೂ ಬಾ ಅಂದಾರ. ಅದಕ್ಕ ಹೊಂಟೀನಿ."

ಅಂದರೆ ಕಾಲು ಬರದಿದ್ದರೆ ಅವಳು ಇಲ್ಲೇ ಇರುತ್ತಿದ್ದಳು. ನಾನೇ ತಿಕ್ಕಿ ತಿಕ್ಕಿ ಎಬ್ಬಿಸಿದ ಕಾಲು. ಗಂಡ ಹೆಂಡಿರ ನಡುವೆ ಬಡವಾದದ್ದು ಅಕ್ಕ.

ಬಲಭುಜ ನೋಯುತ್ತಿದೆ. ಅವನ ಕಾಲು ಎತ್ತಿ ಎತ್ತಿ ಉಳುಕಿರಬೇಕು.

ಜುಲೈ 23. ಬೆಳಿಗ್ಗೆ

ದ್ವಾದಶಿ. ಪಾರಣೆ ಆಯಿತು. ನೀರು ಕುಡಿದೆ, ಚೊಂಬುಗಟ್ಟಲೆ. ನೋವು ಇಳಿದಿಲ್ಲ. ಭುಜದ ಮೂಳೆಯೊಳಗೆ ಕೊರೆಯುತ್ತದೆ, ಒತ್ತಿದರೆ ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಉಳುಕು ಹಾಗೆ ಇರುವುದಿಲ್ಲ. ಬೆರಳು ಜೋಮು. ಎಡಗೈಯಲ್ಲಿ ಬರೆಯುತ್ತಿದ್ದೇನೆ, ಕಾಗೆ ಕಾಲು.

ಏನೆಂದು ಗೊತ್ತು. ಯಾರಿಗೂ ಹೇಳಿಲ್ಲ.

ಹೇಳಿದರೆ ಶಾಮಲಾ ಹೋಗುವುದಿಲ್ಲ. ಒಂದು ಮಾತು ಸಾಕು. ಬೆಳಿಗ್ಗೆಯಿಂದ ಬಾಯಿಗೆ ಬಂದು ಬಂದು ಹೋಗುತ್ತಿದೆ. ಅವಳು ಹೋದರೆ ಈ ಮನೆಯಲ್ಲಿ ನಾನು ಯಾರ ಮೇಲೆ ರೇಗಲಿ, ಯಾರಿಗಾಗಿ ಅನ್ನಕ್ಕೆ ಇಡಲಿ. ಹೆದರಿಕೆಯಾಗುತ್ತಿದೆ. ಆದರೆ ನೋವು ತೋರಿಸಿ ಅವಳನ್ನು ಹಿಡಿದಿಟ್ಟುಕೊಂಡರೆ ಜನ್ಮದಲ್ಲಿ ಅವಳ ಮುಖ ನೋಡಲಾರೆ. ಹೋಗಲಿ. ಟ್ರೇನ್ ಹೊರಟ ಮೇಲೆ ಆಟೋ ಹಿಡಿದು ಆಸ್ಪತ್ರೆಗೆ ಹೋಗುತ್ತೇನೆ.

ಜುಲೈ 23. ಸಂಜೆ, ಆಸ್ಪತ್ರೆ

ಟ್ರೇನ್ ಹೋಯಿತು. ಅವರು ಹೋಗಲಿಲ್ಲ.

ಹೊರಡುವಾಗ ಶಾಮಲಾ ನಮಸ್ಕಾರ ಮಾಡಿ ಕುಂಕುಮಕ್ಕೆ ಹಣೆ ಒಡ್ಡಿದಳು. ಬಲಗೈ ಮೇಲೆ ಬರಲಿಲ್ಲ. ಎಡಗೈಯಲ್ಲಿ ಇಟ್ಟೆ. ಅವಳ ಕಣ್ಣು ತುಂಬಿದವು.

"ಎಡಗೈಲೆ ಇಡ್ತೀಯೇನಕ್ಕ. ಅಷ್ಟು ಸಿಟ್ಟೇನು ನನ್ನ ಮ್ಯಾಲೆ."

ಸಿಟ್ಟು ಅಂತಲೇ ತಿಳಿದುಕೊಳ್ಳಲಿ ಅಂತ ಸುಮ್ಮನಿದ್ದೆ. ಬಾಗಿಲಲ್ಲಿ ಬ್ಯಾಗು ಹಿಡಿದು ನಿಂತವನು ಬ್ಯಾಗು ಕೆಳಗೆ ಇಟ್ಟ.

"ಸಿಟ್ಟಲ್ಲ ಅದು," ಅಂದ. "ಅಕ್ಕಾರ, ಬಲಗೈ ಎತ್ತರಿ."

"ಆಗೂದಿಲ್ಲ. ಹೋಗು. ಟ್ರೇನ್ ತಪ್ಪತದ."

"ತಪ್ಪಲಿ. ನಿನ್ನೆ ಮಾಸ್ಕ್ ಹಾಕಲಿಲ್ಲ ನೀವು. ನಾ ಕಣ್ಣಾರೆ ನೋಡೀನಿ, ನಿಮಗ ಹೇಳೂ ಧೈರ್ಯ ಆಗಲಿಲ್ಲ. ಶಾಮಲಾ, ಡಾಕ್ಟರಿಗೆ ಫೋನ್ ಹಚ್ಚು."

ಮೊದಲನೇ ಸಲ ನಿಂತಿದ್ದಾನೆ ಒಂದು ಕಡೆ. ಅದೂ ನನ್ನ ಬಾಗಿಲಲ್ಲಿ, ನಾನೇ ಕೊಡಿಸಿದ ಕಾಲ ಮೇಲೆ.

ಡಾಕ್ಟರು ಪರೀಕ್ಷೆ ಮಾಡುವಾಗ ತಲೆ ಎತ್ತಿ ನೋಡಲಾಗಲಿಲ್ಲ. ಬೈದರು. ಉದ್ದದ ಸೆಷನ್, ಐದು ತಾಸು. ಒಳಗೆ ನನ್ನ ಜೊತೆ ಯಾರು ಅಂದೆ. ಯಾದಗಿರಿಯ ನೆಗಡಿ ಹೋಗಿಲ್ಲ. ಬಂಡೆಪ್ಪ ಹೊರಗೆ ವಾಲ್ವ್ ಹತ್ತಿರ ಇರಲೇಬೇಕು. ಡಾಕ್ಟರು ಪ್ರಹ್ಲಾದನ ಕಡೆ ನೋಡಿದರು. ಬೇಕಾದರೆ ಅಂತ ಇಟ್ಟ ಅವನ ಒಂದು ಸೆಷನ್ ಬಾಕಿ ಇದೆ, ಅವನೂ ಮಾಸ್ಕ್ ಹಾಕಿಯೇ ಕೂರುತ್ತಾನೆ, ಚೇಂಬರಿನ ಕೆಲಸ ಬಲ್ಲವನು ಅಂದರು. ವಿರಾಮದಲ್ಲಿ ನನ್ನನ್ನು ನೋಡಿಕೊಳ್ಳುತ್ತಾನಂತೆ.

ಶಾಮಲಾ ಗಾಜಿನ ಹತ್ತಿರ ಕುರ್ಚಿ ಎಳೆದು ಕೂತಿದ್ದಾಳೆ. ಅವನು ಚೊಂಬಿನಲ್ಲಿ ನೀರು ತಂದು ಕುಡೀರಿ ಅಂದ, ಕುಡಿದೆ. ಬಂಡೆಪ್ಪ ಕರೆಯುತ್ತಿದ್ದಾನೆ, ಪೆನ್ನು ಹೊರಗೆ ಇಡಬೇಕು. ಐದು ತಾಸು ಬಾಗಿಲು ಹಾಕಿಕೊಂಡು ಅವನ ಜೊತೆ. ಮಾಸ್ಕ್ ಈ ಸಲ ತೆಗೆಯುವ ಹಾಗಿಲ್ಲ. ಅವನು ಏನು ಹೇಳಿದರೂ ಕೇಳಿಕೊಂಡು ಕೂರಬೇಕು, ತಿರುಗಿ ಒಂದೇ ಒಂದು ಮಾತು ನಾನು…